ಉಣ್ಣೆಯ ಕಾಲದಲ್ಲಿ ಹೊಸ ಆವೃತ್ತಿ

ಪೊರ್ವೆನೀರ್‌ನ ಉಣ್ಣೆ ಸಹಕಾರಿಯಲ್ಲಿ
ತೂಕ ಬರೆಯುವವಳು ನಾನು, ನೆಲಿದಾ ಬಾರ್ರಿಯಾ.
ಇಲ್ಲಿ ಜನವರಿ ಅಂದರೆ ಬೇಸಿಗೆ, ಹೆಸರಿಗೆ.
ಗಾಳಿ ಕೇಳದೆ ಬಾಗಿಲು ತೆರೆಯುತ್ತದೆ,
ಕೇಳದೆ ಮುಚ್ಚುತ್ತದೆ.
ಈ ಕಂಪ್ಯೂಟರ್ ಮಾತ್ರ ಎಲ್ಲವನ್ನೂ ಕೇಳಿ ಮಾಡುತ್ತದೆ.

ಆರು ವರ್ಷದ ಹಿಂದೆ ಇದನ್ನು ಹೂಡಿಕೊಟ್ಟವನು ಜ್ವೊನಿಮಿರ್,
ಏಡಿ ಹಿಡಿಯುವ ದೋಣಿಯವನು.
ಎಷ್ಟಾಯಿತು ಅಂದೆ. ದುಡ್ಡಿಲ್ಲ ಅಂದ.
ಬಿಟ್ಟಿಯಾ ಅಂದೆ. ಮುಖ ಸಿಂಡರಿಸಿದ:
ಬಿಟ್ಟಿಯಲ್ಲ ನೆಲಿದಾ, ಬಿಡುಗಡೆ.
ನನಗೆ ಎರಡೂ ಒಂದೇ ಥರ ಕೇಳಿಸಿತು.
ಎರಡು ಕುರಿತೊಡೆ ಕೊಟ್ಟು ಕಳಿಸಿದೆ.

ಕುರಿ ಬೋಳಿಸುವ ತಂಡ ಬರುವ ಹಿಂದಿನ ಸಂಜೆ
ಪರದೆಯ ಮೂಲೆಯಲ್ಲಿ ಒಂದು ಚೀಟಿ:
ಹೊಸ ಆವೃತ್ತಿ ಬಂದಿದೆ, ಏರಿಸಲೇ?
ವಿನಯಕ್ಕೆ ಸೋಲುವವಳು ನಾನು. ಏರಿಸು ಅಂದೆ.
ರಾತ್ರಿಯಿಡೀ ಉರುಳಿತು ಪಟ್ಟಿ.

ಬೆಳಗ್ಗೆ ಹೊಸ ಬಣ್ಣ, ದುಂಡಗಿನ ಮೂಲೆಗಳು,
ಗಡಿಯಾರ ಬಲದಿಂದೆದ್ದು ನಡುವೆ ಬಂದು ಕೂತಿತ್ತು.
ತಕ್ಕಡಿ ಮಾತ್ರ ಮೂಕ.
ಮೊದಲ ಪಿಂಡಿ ಇಟ್ಟರು: ಸೊನ್ನೆ.
ಬೆಲಿಸಾರಿಯೊ ತಾನೇ ಹತ್ತಿ ನಿಂತ,
ಕಟ್ಟುಮಸ್ತು ಆಸಾಮಿ: ಸೊನ್ನೆ.
ಇಷ್ಟೇ ತೂಕವಾದರೆ ಸೀದಾ ಸ್ವರ್ಗ, ಅಂದ.

ತಕ್ಕಡಿಯ ಮಾತು ಬಲ್ಲ ಒಂದು ತುಣುಕಿತ್ತು,
ಅದನ್ನು ನೋಡಿಕೊಳ್ಳುವವರು ಈಗ ಯಾರೂ ಇಲ್ಲ,
ಆದ್ದರಿಂದ ಕೈಬಿಡಲಾಗಿದೆ ಎಂದು ಬರೆದಿತ್ತು.
ಯಾರೋ ಒಬ್ಬ, ಯಾವುದೋ ಊರಿನಲ್ಲಿ,
ಸಂಬಳವಿಲ್ಲದೆ, ಊಟವಾದ ಮೇಲೆ ಕೂತು
ಅದನ್ನು ರಿಪೇರಿ ಮಾಡುತ್ತಿದ್ದಿರಬೇಕು.
ಮಗು ಹುಟ್ಟಿತೋ, ಬೇಸರವಾಯಿತೋ, ಸತ್ತನೋ.
ಅವನ ಮನೆಯಲ್ಲೂ ಇಂಥದೇ ತಕ್ಕಡಿ ಇದ್ದೀತು.
ಏನು ತೂಗುತ್ತಿದ್ದನೋ.

ಹೊಸದನ್ನು ಕಿತ್ತುಹಾಕೋಣ ಎಂದು ಹೊರಟೆ.
ಒಂದು ಹೆಸರು ಕೊಟ್ಟೆ.
ಇದು ಹೋದರೆ ಇವೂ ಹೋಗುತ್ತವೆ ಎಂದು
ಇನ್ನೂರ ಹದಿನಾಲ್ಕು ಹೆಸರು ಹೇಳಿತು:
ಪ್ರಿಂಟರ್, ಕಾಗುಣಿತ ತಿದ್ದುವುದು, ನನ್ನ ಇಸ್ಪೀಟು,
ಕೊನೆಗೆ ಪರದೆಯ ಕಿಟಕಿಗಳೇ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಖಾತ್ರಿಯಿದ್ದರೆ ಈ ವಾಕ್ಯ ಪೂರ್ತಿ ಟೈಪ್ ಮಾಡಿ ಅಂದಿತು:
ಹೌದು, ನಾನು ಹೇಳಿದ ಹಾಗೆ ಮಾಡು.

ಮೂವತ್ತೊಂದು ವರ್ಷದ ಸಂಸಾರದಲ್ಲಿ
ಯಾರಿಗೂ ಹೇಳಲು ಸಿಗದ ವಾಕ್ಯ.
ಒಂದೊಂದೇ ಅಕ್ಷರ ಒತ್ತಿದೆ, ಸವಿಯುತ್ತ.
ಅದು ಹೇಳಿದ ಹಾಗೆ ಮಾಡಿತು.

ಕತ್ತಲೆ. ಎಡಮೂಲೆಯಲ್ಲಿ ಮಿಟುಕುವ ಒಂದು ಗೆರೆ.

ಹೊರಗೆ ಆಗಷ್ಟೇ ಬೋಳಾದ ಕುರಿಗಳು
ತಮ್ಮ ಗುರುತು ತಮಗೇ ಸಿಗದೆ ಅರಚುತ್ತಿದ್ದವು.
ಪಿಂಡಿಗಳ ಮೇಲೆ ಸೀಮೆಸುಣ್ಣದಲ್ಲಿ ಅಂದಾಜು ಬರೆದರು.
ಅಂದಾಜು ಅಂದರೆ ಜಗಳ.

ಸಂಜೆ ರೇಡಿಯೊದಲ್ಲಿ ಸಿಕ್ಕ ಜ್ವೊನಿಮಿರ್,
ಜಲಸಂಧಿಯ ಎಲ್ಲೋ ನಡುವಿನಿಂದ. ಬೈಯಲಿಲ್ಲ.
ಆರಿಸಿ ಮತ್ತೆ ಹಚ್ಚು, ಅಂದ, ಪಟ್ಟಿ ಬರುತ್ತದೆ,
ಎರಡನೇ ಸಾಲು ಹಳೆಯದು,
ಅದನ್ನು ಎಸೆದಿರುವುದಿಲ್ಲ.
ಎಸೆದಿರಲಿಲ್ಲ.
ಆಮೇಲೆ ಅಲೆಯ ಸದ್ದಿನೊಳಗಿಂದ
ಅಕ್ಷರ ಅಕ್ಷರ ಹೆಕ್ಕಿ ಹೇಳಿದ. ಓರೆಗೆರೆ ಅಂದ.
ಯಾವ ಕಡೆಗೆ ಓರೆ?
ನಿಮ್ಮ ಬೇಲಿಯಾಚೆ ಆ ಮರ ಗಾಳಿಗೆ ಹೇಗೆ ಬಾಗಿದೆಯೋ ಹಾಗೆ.
ಕಿಟಕಿಯಿಂದ ನೋಡಿಕೊಂಡು ಒತ್ತಿದೆ.

ಕರಿ ಪರದೆಯ ಮೇಲೆ
ಬಣ್ಣವಿಲ್ಲ, ಚೌಕಟ್ಟಿಲ್ಲ, ಬರೀ ಒಂದು ಅಂಕಿ:
187.4
ಬೆಲಿಸಾರಿಯೊ ಓಡಿಬಂದು ಹತ್ತಿ ನಿಂತ.
103.2
ಪಾಪವೆಲ್ಲ ವಾಪಸ್ ಬಂತು, ಅಂದ.

ಹನ್ನೆರಡು ದಿನ ಹಾಗೆಯೇ ತೂಗಿದೆವು.
ಕೊನೆಯ ಲಾರಿ ದೋಣಿಕಟ್ಟೆಯ ಕಡೆ ತಿರುಗಿದ ಮೇಲೆ
ಯಂತ್ರ ಎಂದಿನ ವಿನಯದಲ್ಲಿ ಕೇಳಿತು:
ಹಳೆಯದು ಇನ್ನು ಬೇಕಾಗಿಲ್ಲ. ತೆಗೆದುಹಾಕಲೇ?

ಗಾಳಿ ಬಾಗಿಲು ತೆರೆಯಿತು.
ಎದ್ದು ಮುಚ್ಚಿ ಬಂದು ಕೂತು
ಬೇಡವೆನ್ನುವ ಒಂದಕ್ಷರ ಒತ್ತಿದೆ.
ಇರಲಿ ಬಿಡು.