ಶೇಕಡ ಅರುವತ್ತೊಂದು

ಗೋಣಿಕೊಪ್ಪ, ಬಸ್‌ಸ್ಟ್ಯಾಂಡಿನ ಹಿಂದೆ
ಉಮ್ಮರನ ರಿಪೇರಿ ಅಂಗಡಿ.
ಆಟ ಕೇಳುತ್ತದೆ ಮೂವತ್ತೆರಡು ಜಿಬಿ ರ‍್ಯಾಮು,
ನನ್ನ ಸ್ಕೂಟರಿಗಿಂತ ದುಬಾರಿ ಗ್ರಾಫಿಕ್ಸ್ ಕಾರ್ಡು.
ನನ್ನ ಡಬ್ಬಿಯಲ್ಲಿರುವುದು ಎಂಟು,
ಜೊತೆಗೊಂದು ಒಣಗಿದ ಹಲ್ಲಿ.

ಕತೆಯ ಮೇಲೋ ಆಗಲೇ ಜಗಳ:
ಕೊನೆಗೆ ಅವಳು ಕೊಲ್ಲುವುದಿಲ್ಲವಂತೆ,
ತಮ್ಮನನ್ನು ಕೊಂದವನು ಎದುರಿಗೇ ಸಿಕ್ಕರೂ
ಕೋವಿ ಕೆಳಗಿಡುತ್ತಾಳಂತೆ.
‘ಶುದ್ಧ ಮೋಸ, ದುಡ್ಡು ವಾಪಸ್ ಕೊಡಲಿ’ ಅಂದ ಕುಟ್ಟಪ್ಪ.
ಅವನು ಕೊಂಡೇ ಇಲ್ಲ.

ಫ್ಯಾನಿನ ಧೂಳು ಊದುತ್ತ ಉಮ್ಮರ ಕೇಳಿದ:
ಕಕ್ಕಡದಲ್ಲಿ ನಿಮ್ಮ ಮನೆಯ ಕೋವಿಯೂ
ಕನ್ನಿಕೋಂಬರೆಯಲ್ಲಿ ಸುಮ್ಮನಿರುವುದಿಲ್ಲವಾ, ದೇಚು?

ಏನು ಹೇಳಲಿ.
ಮೆಷಿನ್ನು ಕಾದು, ಭೋರಿಟ್ಟು, ನಿಂತುಬಿಟ್ಟಿತು
ಶೇಕಡ ಅರುವತ್ತೊಂದರಲ್ಲಿ.
ಪರದೆಯ ಮೇಲೆ ಅವಳು
ಇನ್ನೂ ಕೋವಿ ಎತ್ತಿಯೇ ಇಲ್ಲ.