ರಬ್ಬರು ತುಟಿ

ಫಾರೋ ದ್ವೀಪದ ಕ್ಲಾಕ್ಸ್‌ವೀಕಿನಲ್ಲಿ
ಮೀನು ಸೀಳುವ ಕಾರ್ಖಾನೆಯ ಬಾರ್ದುರನ ಅಂಗಿಯನ್ನು
ಸುನ್ವಾ ಈ ವಾರ ಒಗೆದದ್ದು ಮೂರನೆಯ ಸಲ.
ಒದ್ದೆಯಿದ್ದಾಗ ಸೋಪಿನ ಘಮ,
ಒಣಗಿಸಿ ಮಡಿಸಿ ತೊಟ್ಟು, ಮೈಬಿಸಿ ತಾಗಿತೋ
ಅದೇ ಮುಗ್ಗುಲು ನಾತ.

ವಿನೆಗರ್ ಸುರಿದಳು. ಸೋಡಾ ಸುರಿದಳು.
ಕುದಿನೀರಿಗಿಳಿದ ಮಗಳ ಸ್ವೆಟರು
ಗೊಂಬೆಯ ಅಳತೆಗೆ ಬಂತು.
ಬಿಸಿಲು? ಜೂನಿನಲ್ಲಿ ಒಂದು ಮಂಗಳವಾರ ಬಂದಿತ್ತು.
ಗಾಳಿಗೆ ಹರವಿದರೆ ಚಾದರಗಳು
ಗುಡ್ಡದ ಕುರಿಗಳ ವಾಸನೆಯನ್ನೂ ಹೊತ್ತು ತಂದವು.
ಅತ್ತೆ ಮರ್ಯುನ್ ಏನೂ ಅನ್ನಲಿಲ್ಲ,
ಟವೆಲನ್ನು ಎರಡೇ ಬೆರಳಲ್ಲಿ ಹಿಡಿದಳು, ಅಷ್ಟೆ.

ಮೀನನ್ನು ಬೈದಳು. ಗಂಡನ ಬೆವರನ್ನು ಬೈದಳು.

ರಾತ್ರಿ, ಕಿತ್ತುಬಿದ್ದ ಗುಂಡಿ ಹುಡುಕುತ್ತ
ಯಂತ್ರದ ಬಾಯಿಯ ರಬ್ಬರು ತುಟಿ ಮಗುಚಿದರೆ
ಕಪ್ಪು ಲೋಳೆ, ಕೂದಲು, ಒಂದು ಕ್ರೋನ,
ಕಳೆದ ಚಳಿಗಾಲದ ಕಾಲುಚೀಲವೊಂದು, ಕೊಳೆತು.
ಗುಂಡಿ ಮಾತ್ರ ಇರಲಿಲ್ಲ.
ಹಳೇ ಬ್ರಶ್ಶು ಹಿಡಿದು ತಿಕ್ಕಿದಳು,
ಹಟಮಾರಿ ಮಗುವಿನ ಹಲ್ಲುಜ್ಜಿದ ಹಾಗೆ,
ಬಾಗಿಲು ತೆರೆದಿಟ್ಟೇ ಮಲಗಿದಳು.

ಗುರುವಾರ ಬಾರ್ದುರ್ ಮುಖ ಒರೆಸಿಕೊಂಡ,
ನಿಂತ. ಮತ್ತೆ ಮೂಸಿದ.
‘ಇದು ಯಾರ ಮನೆ ಟವೆಲು?’