ಇಪ್ಪತ್ನಾಲ್ಕು ಡಿಗ್ರಿ

ಗಂಜಾಂನ ನಮ್ಮ ಶೆಡ್ಡಿಗೆ
ಜಯಲಕ್ಷ್ಮೀಪುರದ ದೇಪರಾಜೇ ಅರಸರು ಬಂದರು,
ಕಂಕುಳಲ್ಲಿ ಎರಡು ಬಣ್ಣದ ಪುಸ್ತಕ.
ಬೈಂದೂರಿನಾಚೆ ಕಡಲಿಗೆ ಮುಖ ಮಾಡಿದ ಮನೆ ಕೊಂಡಿದ್ದಾರಂತೆ,
ಈಗ ಬೇಕಾದ್ದು ಒಂದು ಬೋಟು,
ಅಲೆ ಎದ್ದ ದಿನವೂ ಓಡುವಂಥದ್ದು.

ಅಪ್ಪ ಕಡಲು ಕಂಡವನಲ್ಲ.
ಹಿನ್ನೀರಿನ ಮೀನಿನವರ ಮೋಟರು,
ಕಬಿನಿ ರೆಸಾರ್ಟಿನ ಕೆಮ್ಮುವ ಮೋಟರು,
ವರ್ಷಕ್ಕೊಮ್ಮೆ ಎಚ್ಚರಾಗುವ ಅಗ್ನಿಶಾಮಕದವರ ಮೋಟರು,
ಇಷ್ಟೇ ಅವನಿಗೆ.
ರಸೀದಿ ಬರೆಯುವುದು, ಇಂಗ್ಲಿಷ್ ಓದುವುದು ನನ್ನ ಪಾಲು.

'ಒಂದು ಇಪ್ಪತ್ತೆಂಟು ಅಡಿ, ಕೆಂಪು, ಗಂಟೆಗೆ ಎಂಬತ್ತು ಮೈಲಿ.
ಇನ್ನೊಂದು ಮೂವತ್ತೆರಡು, ಬಿಳಿ, ಬರೀ ಐವತ್ತೈದು.'
'ಬಣ್ಣ ಬುಡು. ತೂಕ ಓದು.'
ಓದಿದೆ.
'ತಳ?'
ಬಿಳಿಯದರ ತಳ ಇಪ್ಪತ್ನಾಲ್ಕು ಡಿಗ್ರಿ ಅಂತಿತ್ತು.
ಕೆಂಪಿನದು ಬರೆದೇ ಇಲ್ಲ.
ಅದರ ಮೊದಲ ಪುಟದ ತುಂಬ
ಬೋಟು ಗಾಳಿಯಲ್ಲಿತ್ತು, ನೀರು ಎಷ್ಟೋ ಕೆಳಗೆ.

ಅಪ್ಪ ಕನ್ನಡಕ ಹಣೆಗೇರಿಸಿ ಪುಸ್ತಕ ಮೂಗಿಗೆ ತಂದ.
'ಹಾರೋದು ಸರಿ ಬುದ್ಧಿ,
ಇದು ಇಳಿಯೋ ಫೋಟೊ ಎಲ್ಲಿ?'

ಅರಸರು ನಕ್ಕರು. ಅಪ್ಪ ನಗಲಿಲ್ಲ.
ಕನ್ನಂಬಾಡಿ ಕಟ್ಟೆಯ ಬಾಗಿಲು ಅಷ್ಟೂ ತೆಗೆದ ವರ್ಷ,
ವೆಲ್ಲೆಸ್ಲಿ ಸೇತುವೆ ಮುಳುಗಿದ ರಾತ್ರಿ,
ಚಪ್ಪಟೆ ತಳದ ಸರ್ಕಾರಿ ದೋಣಿಯಲ್ಲಿ
ನಡುಗಡ್ಡೆಯ ಮೂವರನ್ನು ತರಲು ಹೋಗಿದ್ದ.
ಅಲೆಗೊಂದು ಸಲ ತಳ ಬಡಿಯಿತಂತೆ,
ಬಂಡೆಗೆ ಒಗೆದ ಕಂಬಳಿಯ ಹಾಗೆ.
ಮೂವರೂ ಬಂದರು, ಕೇಳದೇ ಹತ್ತಿದ ಒಂದು ಮೇಕೆಯೂ ಬಂತು.
ಅಪ್ಪನ ಸೊಂಟ ಮಾತ್ರ ಪೂರ್ತಿ ವಾಪಸು ಬರಲಿಲ್ಲ.
ಬಸ್ಸಿನ ಹಿಂದಿನ ಸೀಟಿನಲ್ಲಿ ಇವತ್ತಿಗೂ ಕೂರುವುದಿಲ್ಲ.

'ಜೋರಾಗಿ ಹೋದೋರ್ಗೆ ನೀರೂ ಕಲ್ಲೇಯ.
ಸೀಳ್ಕೊಂಡು ಕೂರೋ ತಳ ಬೇಕು, ಬಡಿಯೋದಲ್ಲ.
ಸೀಟಿನ ಅಡೀಲಿ ಸ್ಪ್ರಿಂಗು ಅದಾ?
ಒಂದು ಮೋಟರು ಸತ್ರೆ ಇನ್ನೊಂದು ಮನೆ ಮುಟ್ಟಿಸ್ತದಾ?
ನೀರೆತ್ತೋ ಪಂಪು ಎಷ್ಟು?
ಓಡ್ಸೋನು ಬಿದ್ರೆ, ಕೈಗೆ ಕಟ್ಟಿದ್ ದಾರ ಕಿತ್ಕೊಂಡು
ಮೋಟರು ನಿಲ್ತದಾ, ಇಲ್ಲ ಅವನ ಮ್ಯಾಲೇ ಬತ್ತದಾ?'
ಆಮೇಲೆ ಸ್ಪ್ಯಾನರು ಕೆಳಗಿಟ್ಟು,
'ಅಮ್ಮಾವ್ರೂ ಬತ್ತಾರಾ ಜತೇಲಿ?'

ಅದು ಯಾವ ಪುಸ್ತಕದಲ್ಲೂ ಇರಲಿಲ್ಲ.
ಅರಸರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.
'ಅವಳಿಗೆ ನೀರು ಅಂದ್ರೆ ಭಯ.'
'ಅಂಗಾದ್ರೆ ಬಿಳೀದು ಬುದ್ಧಿ,
ಅವ್ರ ಭಯಕ್ಕೂ ಜಾಗ ಬೇಕಲ್ಲ.'

ಸಲಹೆಗೆ ಎಷ್ಟು ಅಂತ ಕೇಳಿದರು.
ಅಪ್ಪ ಬಟ್ಟೆಚೂರು ಹುಡುಕತೊಡಗಿದ.
ನಾನು ಐನೂರು ಬರೆದೆ.

ಆಶ್ವಯುಜದಲ್ಲಿ ನನ್ನ ಫೋನಿಗೆ ಫೋಟೊ ಬಂತು.
ಕೆಂಪು ಬೋಟು.
ಅಪ್ಪ ಬೆರಳು ಒರೆಸಿಕೊಂಡು ದೊಡ್ಡದು ಮಾಡಿದ,
ಇನ್ನೂ ದೊಡ್ಡದು ಮಾಡಿ ಸೀಟುಗಳನ್ನೇ ನೋಡಿದ.
ಒಬ್ಬರೇ ಕೂತಿದ್ದರು.
'ಸದ್ಯ' ಅಂದ.

ಅವತ್ತು ಊಟದ ಹೊತ್ತಿಗೆ,
'ಇಪ್ಪತ್ನಾಕು ಡಿಗ್ರಿ ಅಂದ್ಯಲ್ಲ ಮಗ, ಎಷ್ಟಾಯ್ತದೆ ಅದು?'
ಹೈಸ್ಕೂಲಿನ ಕಂಪಾಸು ಬಾಕ್ಸಿನಿಂದ ಕೋನಮಾಪಕ ತಂದೆ,
ಒಂದು ಮೂಲೆ ಮುರಿದಿತ್ತು.
ಅಪ್ಪ ಎರಡೂ ಅಂಗೈ ಪಕ್ಕಪಕ್ಕ ಹಿಡಿದು
ಹೊರಗಿನ ಅಂಚು ಮೆಲ್ಲಗೆ ಎತ್ತಿದ,
ಹತ್ತು, ಹದಿನೈದು, ಇಪ್ಪತ್ತು,
'ಸಾಕು' ಅಂದೆ.

ನೋಡಿದರೆ ಬೊಗಸೆ.
ಹೊಳೆಗಿಳಿದವರು ಮುಖಕ್ಕೆ ಎತ್ತಿಕೊಳ್ಳುವಷ್ಟು.
'ಇಷ್ಟೇಯಾ?'
ಗ್ರೀಸು ಕೂತ ಗೆರೆಗಳ ಆ ದೋಣಿಯನ್ನು
ದೀಪದ ಕೆಳಗೆ ಆ ಕಡೆ ಈ ಕಡೆ ವಾಲಿಸಿ ನೋಡಿದ,
ತಟ್ಟೆಯಲ್ಲಿ ಮುದ್ದೆ ಆರುತ್ತಿತ್ತು.